ಕೇಳುವವರಿಲ್ಲದ ಅಂಗಿ

“ಕೈ ತೆಗಿ! ಆ ಪೆಟಾರಿ ಮುಟ್ಟಬೇಡ ಅಂತ ಬಂದ ದಿನವೇ ಹೇಳಿದ್ದೆ. ಕಿವಿಗೆ ಗಂಜಿ ಹಾಕ್ಕೊಂಡಿದೀಯಾ?”

“ಒಂದು ಹಳೇ ಅಂಗಿಗೆ ಇಷ್ಟು ಕೂಗಾಟ ಯಾಕತ್ತೆ? ಕಚ್ಚುತ್ತಾ ಅದು?”

“ಕಚ್ಚಿದ್ರೆ ಔಷಧಿ ಹಚ್ಚಬಹುದಿತ್ತು ಕಣೇ ಮೂದೇವಿ! ಇದಕ್ಕೆ ಔಷಧಿ ಇಲ್ಲ. ಇಡು ಕೆಳಗೆ!”

ಅತ್ತೆಯ ಕೈಯಲ್ಲಿ ಬಟ್ಟೆ ತಿರುವುವ ಕೋಲಿತ್ತು. ಹಂಡೆಯ ಹತ್ತಿರದಿಂದ ಹಾಗೇ ಓಡಿ ಬಂದಿದ್ದಳು; ಕೋಲಿನ ತುದಿಯಿಂದ ಕುದಿನೀರು ತೊಟ್ಟಿಕ್ಕುತ್ತಿತ್ತು. ಮೂವತ್ತು ವರ್ಷ ಆ ಒಗೆಯುವ ಮನೆಯನ್ನು ನಡೆಸಿದ ಹೆಂಗಸು. ಅವಳು ಹೆದರಿದ್ದನ್ನು ಕಂಡವರಿಲ್ಲ. ಈಗ ಅವಳ ಕೆಳದುಟಿ ನಡುಗುತ್ತಿತ್ತು. ಅದನ್ನು ನೋಡಿ ಯಾರಿಗಾದರೂ ಬುದ್ಧಿ ಬರಬೇಕಿತ್ತು. ಅಣ್ಣನ ಮಗಳಿಗೆ ಬಂದದ್ದು ನಗು.

ಅವಳನ್ನು ಅಲ್ಲಿ ಎಲ್ಲರೂ ಕೆಂಡಿ ಎಂದೇ ಕರೆಯುತ್ತಿದ್ದರು. ದಿನವಿಡೀ ಇಸ್ತ್ರಿಪೆಟ್ಟಿಗೆಗೆ ಕೆಂಡ ತುಂಬುವ ಕೆಲಸ, ಬಾಯಿಯೂ ಹಾಗೇ. ಅಪ್ಪ ತೀರಿಕೊಂಡ ಮೇಲೆ ಅತ್ತೆಯ ಬಳಿಗೆ ಬಂದು ಐದು ತಿಂಗಳಾಗಿತ್ತು. ಅತ್ತೆಗೂ ಅವಳನ್ನು ಬಿಟ್ಟರೆ ತನ್ನವರು ಅಂತ ಇರಲಿಲ್ಲ.

ಪೆಟಾರಿ ಇದ್ದ ಆ ಕೋಣೆಗೆ ಕಿಟಕಿ ಇರಲಿಲ್ಲ. ನಡುಹಗಲಿನಲ್ಲೂ ಅಲ್ಲಿ ಕತ್ತಲೆ ಗಟ್ಟಿಯಾಗಿ ಕೂತಿರುತ್ತಿತ್ತು. ಹುಳು ತಿಂದ ಉಣ್ಣೆಯ ವಾಸನೆ, ಇಲಿಯ ವಾಸನೆ, ಎಂದೋ ಸತ್ತವರ ಬೆವರಿನ ಹಳಸಲು ವಾಸನೆ. ಒಗೆಯಲು ಕೊಟ್ಟು ಮೂರು ವರ್ಷವಾದರೂ ಯಾರೂ ಬಂದು ಕೇಳದ ಬಟ್ಟೆಗಳು ಅಲ್ಲಿನ ಪೆಟಾರಿ ಸೇರುತ್ತಿದ್ದವು. ಬಟ್ಟೆಯ ಗುರುತು ಅಳಿಸಿಹೋಗಿದ್ದರೆ ಅದರ ಒಡೆಯರು ಮುಂಬಾಗಿಲಲ್ಲಿ ಬಟ್ಟೆ ಕೊಟ್ಟು ತೆಗೆದುಕೊಳ್ಳುವ ಹಲಗೆಯ ಮೇಲೆ ಅಂಗೈ ಊರಿ, ಅತ್ತೆಯ ಎದುರು, “ಇದು ನಮ್ಮದು” ಎನ್ನಬೇಕು. ಅದು ಆ ಮನೆಯ ಪದ್ಧತಿ. ಹಾಗೆನ್ನಲು ಯಾರೂ ಇಲ್ಲದ್ದು ಪೆಟಾರಿಗೆ.

ಕೆಂಡಿಯ ಕೈಯಲ್ಲಿದ್ದ ಅಂಗಿ ಪೆಟಾರಿಯ ತಳದಲ್ಲಿ, ಕಪ್ಪು ಬಟ್ಟೆಯಲ್ಲಿ ಸುತ್ತಿಟ್ಟದ್ದು. ಒರಟು ನೂಲಿನ, ಕೂಲಿಯವರು ತೊಡುವ ಅಂಗಿ. ಉಳಿದದ್ದೆಲ್ಲ ಜರಡಿಯಾಗಿದ್ದರೂ ಇದರಲ್ಲಿ ಒಂದು ತೂತಿಲ್ಲ. ಕೊರಳಪಟ್ಟಿಯ ಹಿಂದೆ ಏನೋ ಕಪ್ಪು ಹೊಲಿಗೆ. ಮುಟ್ಟಿದರೆ ತಣ್ಣಗೆ. ಸ್ವಲ್ಪ ಒದ್ದೆ. ಈಗ ತಾನೇ ಹಿಂಡಿ ಇಟ್ಟ ಹಾಗೆ.

“ಅದು ಕೂದಲಲ್ಲಿ ಹಾಕಿದ ಹೊಲಿಗೆ,” ಎಂದಳು ಅತ್ತೆ, ದನಿ ತಗ್ಗಿಸಿ. “ನಮ್ಮಮ್ಮನ ಕಾಲದಲ್ಲಿ ಇಲ್ಲಿ ಇಸ್ತ್ರಿ ಮಾಡ್ತಿದ್ದವಳೊಬ್ಬಳು. ಅವಳ ಗೆಣೆಯ ತನ್ನ ಅಂಗಿ ಒಗೆಯೋಕೆ ಕೊಟ್ಟು, ನಾಳೆ ಬರ್ತೀನಿ ಅಂತ ಹೋದ. ಇನ್ನೊಬ್ಬಳ ಮನೆ ಸೇರ್ಕೊಂಡ. ಇವಳು ಒಂದು ವರ್ಷ ದಿನಾ ಅದನ್ನ ಒಗೆದಳು. ಆಮೇಲೆ ಯಾರ ಹತ್ರ ಕಲಿತಳೋ, ತನ್ನ ಕೂದಲು ಕಿತ್ತು ಮಾಟದ ಹೊಲಿಗೆ ಹಾಕಿದಳು. ನನ್ನ ಕೇಳುವವರಿಲ್ಲದ ಹಾಗೆ ಮಾಡಿದ, ಇದನ್ನ ತೊಟ್ಟವನನ್ನೂ ಯಾರೂ ಕೇಳದೆ ಹೋಗಲಿ ಅಂದಳು. ಅವನು ಬಂದ. ತೊಟ್ಟ. ಹೆತ್ತ ತಾಯಿಯೇ ಅವನಿಗೆ ಭಿಕ್ಷೆ ಹಾಕಿ ಬಾಗಿಲು ಮುಚ್ಚಿದಳು ಕಣೇ. ನಾನೇ ನೋಡಿದೀನಿ. ಚಿಕ್ಕವಳಿದ್ದೆ.”

“ಸುಟ್ಟು ಹಾಕೋದು ತಾನೇ?”

“ಅವನು ಸತ್ತ ಮೇಲೆ ಸುಟ್ಟರು. ಮಾರನೇ ದಿನ ನೆನೆಹಾಕೋ ತೊಟ್ಟೀಲಿ ಬಿದ್ದಿತ್ತು.”

“ಕೂದಲು ತಾಗಿದ್ದಕ್ಕೆಲ್ಲ ಮಾಟ ಆಗೋದಾದ್ರೆ, ನಮ್ಮ ಮನೇಲಿ ದಿನಾ ಉದುರೋ ಕೂದಲಿಗೆ ಇಷ್ಟೊತ್ತಿಗೆ ಊರೇ ಖಾಲಿಯಾಗಬೇಕಿತ್ತು, ಅತ್ತೆ!”

ಅಷ್ಟರಲ್ಲಿ ಆಚೆ ಹಂಡೆ ಉಕ್ಕಿತು. ನೊರೆ ಬೆಂಕಿಗೆ ಬಿದ್ದು ಸುಯ್ಯೆಂದಿತು. ಅತ್ತೆ ಬೈಯುತ್ತಲೇ ಓಡಿದಳು. ಕೆಂಡಿ ಅಂಗಿಯನ್ನು ಕಂಕುಳಲ್ಲಿ ಅವುಚಿಕೊಂಡು ಹಿತ್ತಿಲ ಬಾಗಿಲಿಗೆ ಹೋದಳು.

ಅಂಗಿ ಬೇಕಾಗಿದ್ದದ್ದು ದೊಡ್ಡಮನೆಯ ಚಿಕ್ಕ ಧಣಿಗೆ.

ಒಗೆಯುವ ಮನೆಯ ಹೆಂಗಸರು ಅವನ ಮುಖ ನೋಡುವ ಮೊದಲೇ ಅವನನ್ನು ಪೂರ್ತಿ ಬಲ್ಲವರಾಗಿದ್ದರು. ವಾರಕ್ಕೆ ಹದಿನಾಲ್ಕು ರೇಷ್ಮೆ ಅಂಗಿ. ಒಂದೊಂದಕ್ಕೂ ಒಂದೊಂದು ಅತ್ತರಿನ ವಾಸನೆ. ಕೊರಳಪಟ್ಟಿಯಲ್ಲಿ ತುಟಿಯ ಬಣ್ಣ, ಗುಂಡಿಗೆ ಸುತ್ತಿಕೊಂಡ ಉದ್ದ ಕೂದಲು. ಒಂದು ವಾರ ಕಪ್ಪು, ಇನ್ನೊಂದು ವಾರ ಕೆಂಚು. “ಈ ವಾರ ಧಣಿ ನಾಟಕದವಳ ಮನೇಲಿದ್ರು,” ಎಂದು ಮೂಸಿ ಹೇಳಿ ನಗುತ್ತಿದ್ದರು. ಕೆಂಡಿ ಮಾತ್ರ ನಗಲಿಲ್ಲ. ಕಲೆ ತಿಕ್ಕಿ ತಿಕ್ಕಿ ಅವಳ ಬೆರಳು ಸುಲಿದಿದ್ದವು. ಒಂದು ದಿನ ಅಂಗಿಯನ್ನು ಹಾಗೇ ಹಿಂದಕ್ಕೆ ಕಳಿಸಿದಳು. “ಈ ಕಲೆ ನಮ್ಮ ಕೈಲಿ ಹೋಗಲ್ಲ, ಹಚ್ಚಿದವಳ ಹತ್ರಾನೇ ಒಗೆಸಿಕೊಳ್ಳಿ” ಅಂತ ಹೇಳಿಕಳಿಸಿದಳು.

ಹಾಗೆ ಹೇಳಿದವಳು ಯಾರೆಂದು ನೋಡಲು ಅವನೇ ಬಂದ. ಬಾಗಿಲಿಗೆ ಒರಗಿ ನಿಂತು, “ನಿನ್ನ ಕೈಲಿ ಇಸ್ತ್ರಿ ಮಾಡಿಸ್ಕೊಳ್ಳೋಕೆ ನಾನೇ ಬಟ್ಟೆಯಾಗಿ ಹುಟ್ಟಬೇಕಿತ್ತು,” ಎಂದ.

“ಹುಟ್ಟಿ ಧಣಿ. ಮೊದಲು ಕುದಿಯೋ ಹಂಡೆಗೆ ಹಾಕ್ತೀವಿ. ಆಮೇಲೆ ಕಲ್ಲಿಗೆ ಬಡೀತೀವಿ.”

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಮರುದಿನ ಬಂದ. ಅದರ ಮರುದಿನವೂ. ಅವಳು ಬೆರಳು ಮುಟ್ಟಗೊಡಲಿಲ್ಲ. ಅವನು ಅಲ್ಲೇ ಕೂತು ಇದ್ದಿಲು ಆರಿಸಿ ಕೊಟ್ಟ, ಇಸ್ತ್ರಿಪೆಟ್ಟಿಗೆ ಎತ್ತಲು ಹೋಗಿ ಅಂಗೈ ಸುಟ್ಟುಕೊಂಡ. ಎರಡು ತಿಂಗಳಲ್ಲಿ ಅವನ ಅಂಗಿಗಳಿಂದ ಅತ್ತರು ಹೋಯಿತು. ಕೂದಲು ಹೋಯಿತು. ಬರೀ ಇದ್ದಿಲಿನ ವಾಸನೆ. ಅದನ್ನು ಮೊದಲು ಮೂಸಿ ಕಂಡುಹಿಡಿದವರು ಆ ಹೆಂಗಸರೇ. ಆ ದಿನ ಯಾರೂ ತಮಾಷೆ ಮಾಡಲಿಲ್ಲ. ಕೆಂಡಿ ಆ ಅಂಗಿಯಲ್ಲಿ ಮುಖ ಮುಚ್ಚಿಕೊಂಡು ಸ್ವಲ್ಪ ಹೊತ್ತು ಹಾಗೇ ನಿಂತಿದ್ದಳು.

ದೊಡ್ಡಮನೆಯ ಅಮ್ಮಾವ್ರಿಗೆ ಸುದ್ದಿ ಮುಟ್ಟಿತು. ಮಗ ಹತ್ತು ಹೆಣ್ಣುಗಳ ಹಿಂದೆ ಸುತ್ತಿದರೆ ಆಕೆಗೆ ಚಿಂತೆ ಇರಲಿಲ್ಲ. ಒಬ್ಬಳ ಮುಂದೆ ಕೂತದ್ದು ಚಿಂತೆಯಾಯಿತು. ಇನ್ನೊಮ್ಮೆ ಅಲ್ಲಿ ಕಾಲಿಟ್ಟರೆ ಒಗೆಯುವ ಮನೆಗೇ ಬೀಗ ಹಾಕಿಸುತ್ತೇನೆ ಎಂದಳು. ಬೀದಿಯ ತುದಿಯಲ್ಲಿ ಕಾವಲಿಗೆ ಆಳು ಕೂತ. ಧಣಿಯ ರೇಷ್ಮೆ ಅರ್ಧ ಬೀದಿಯಿಂದಲೇ ಹೊಳೆಯುತ್ತಿತ್ತು. ಅದಕ್ಕೆ ಕೂಲಿಯವನ ಅಂಗಿ.

ಅವಳು ಹಿತ್ತಿಲ ಗೋಡೆಯ ಮೇಲಿಂದ ಅಂಗಿ ದಾಟಿಸಿದಳು. ಗೋಡೆಯಾಚೆಯ ಮರೆಯಲ್ಲಿ ಅವನು ರೇಷ್ಮೆ ಕಳಚಿ ಅದನ್ನು ತೊಟ್ಟುಕೊಂಡ. “ಅಬ್ಬಾ, ಎಷ್ಟು ತಣ್ಣಗಿದೆ!” ಎಂದ. ಇದ್ದಿಲಿನ ಬುಟ್ಟಿ ಹೊತ್ತು ಕಾವಲಿನವನ ಮೂಗಿನ ಕೆಳಗೇ ನಡೆದು ಬಂದ. ಆಳು ಕಣ್ಣೆತ್ತಿ ನೋಡಿ, ಆಕಳಿಸಿ, ಮುಖ ತಿರುಗಿಸಿದ. ಒಳಗೆ ಬಂದು ಇಬ್ಬರೂ ಬಾಯಿ ಮುಚ್ಚಿಕೊಂಡು ನಕ್ಕರು.

“ಕೇಳು,” ಎಂದ ಅವನು, ನಗು ನಿಂತ ಮೇಲೆ. “ನಾನು ಬೇಕಾದಷ್ಟು ಜನರಿಗೆ ಬೇಕಾದಷ್ಟು ಮಾತು ಹೇಳಿದೀನಿ. ಆದರೆ ಸಾಕ್ಷಿ ಎದುರು, ಇವಳು ನಮ್ಮವಳು ಅಂತ ಒಬ್ಬಳಿಗೂ ಅಂದಿಲ್ಲ. ಅಷ್ಟು ಎಚ್ಚರ ನನಗೆ. ಬರೋ ವಾರ ನಿಮ್ಮತ್ತೆ ಎದುರು ನಿಂತು ಅಂತೀನಿ. ಅಮ್ಮ ಏನು ಬೇಕಾದರೂ ಮಾಡಿಕೊಳ್ಳಲಿ.”

ಆ ದಿನ ಅವಳು ಕೈ ಹಿಡಿಯಗೊಟ್ಟಳು. ಅವನ ಕೈ ನೀರಲ್ಲಿ ನೆನೆದವರ ಕೈಯ ಹಾಗೆ ಸುಕ್ಕಾಗಿತ್ತು. ಅದನ್ನು ಅವಳು ಗಮನಿಸಿದಳು. ಗಮನಿಸಿ ಸುಮ್ಮನಾದಳು.

ಮನೆಗೆ ಹೋದವನು ಒಂದು ತಾಸಿಗೆ ತಿರುಗಿ ಬಂದ. ರೇಷ್ಮೆ ಅಂಗಿ ತೊಟ್ಟಿದ್ದ. ತೋಳು ಹರಿದಿತ್ತು, ಹಣೆಯಲ್ಲಿ ರಕ್ತ.

“ಗೇಟಿನವನು ಒಳಗೆ ಬಿಡಲಿಲ್ಲ,” ಎಂದ. “ನಾನು ಹುಟ್ಟಿದಾಗಿಂದ ಅಲ್ಲೇ ಇರೋನು. ಈ ಅಂಗಿ ಎಲ್ಲಿ ಕದ್ದೆ ಅಂತ ಹೊಡೆದ. ನಾಯಿ ಮೇಲೆ ಬಿತ್ತು, ನನ್ನ ನಾಯಿ. ಅಮ್ಮ ಮೇಲಿಂದ ನೋಡಿದರು. ಕೂಗಿದೆ. ನೋಡಿದರು ಕಣೇ, ನೆಟ್ಟಗೆ ನೋಡಿದರು. ಪಾಪ ಯಾರೋ ಹುಚ್ಚ, ಏನಾದರೂ ಕೊಟ್ಟು ಕಳಿಸಿ ಅಂದರು.”

ಅವನು ನಗಲು ನೋಡಿದ. ಹಲ್ಲು ಕಟಕಟ ಎಂದವು. ಇಸ್ತ್ರಿ ಕೋಣೆಯಲ್ಲಿ ಆರು ಒಲೆ ಉರಿಯುತ್ತಿದ್ದವು. ಅವನು ಚಳಿಗೆ ನಡುಗುತ್ತಿದ್ದ.

“ಆ ಹಾಳು ಅಂಗಿ ಎಲ್ಲಿ?” ಎಂದಳು ಕೆಂಡಿ.

“ಗೋಡೆ ಹತ್ತಿರ ಬಿಚ್ಚಿ ಬಿಸಾಕಿದೆ.”

ರೇಷ್ಮೆಯ ಎದೆ ಒದ್ದೆಯಾಗುತ್ತಿತ್ತು. ಒಳಗಿನಿಂದ. ಅವಳು ಗುಂಡಿ ಬಿಚ್ಚಿದಳು. ಕೆಳಗೆ ಒರಟು ಬಟ್ಟೆ. ಅದೇ ಅಂಗಿ. ಎಳೆದಳು. ಬರಲಿಲ್ಲ. ಕತ್ತರಿ ತಂದಳು. ಕೊರಳಿಂದ ಹೊಟ್ಟೆಯವರೆಗೆ ಸೀಳಿದಳು. ಕೆಳಗೆ ಅಂಗಿ. ಅದನ್ನೂ ಸೀಳಿದಳು. ಕೆಳಗೆ ಅಂಗಿ. ತಣ್ಣಗೆ. ಒದ್ದೆ. ಕತ್ತರಿ ಜಾರಿತು. ಅವನು ಚೀರಿದ. ರಕ್ತ ಬಂತು. ರಕ್ತ ಬಂದದ್ದು ಬಟ್ಟೆಯಿಂದ. ಕೊರಳ ಹಿಂದೆ ಕೂದಲ ಹೊಲಿಗೆ ಹುಳುವಿನ ಹಾಗೆ ಮೆಲ್ಲಗೆ ಬಿಗಿಯಿತು. ಅವಳು ಕತ್ತರಿ ಬಿಟ್ಟುಬಿಟ್ಟಳು.

ಸದ್ದು ಕೇಳಿ ಅತ್ತೆ ಇಣುಕಿದಳು. “ಯಾರೇ ಈ ಕೂಲಿಯವನು? ಕೆಲಸದ ಹೊತ್ತಲ್ಲಿ ಇಲ್ಲೇನು ಕೆಲಸ ಇವನಿಗೆ?”

“ಅತ್ತೆ, ಚಿಕ್ಕ ಧಣಿ…”

“ಯಾವ ಚಿಕ್ಕ ಧಣಿ? ದೊಡ್ಡಮನೆ ಅಮ್ಮಾವ್ರಿಗೆ ಮಕ್ಕಳೆಲ್ಲಿ?”

ಕೆಂಡಿ ಅವನನ್ನು ಇದ್ದಿಲಿನ ಕೊಟ್ಟಿಗೆಯಲ್ಲಿ ಇಟ್ಟಳು. ಮೂರು ದಿನ ಅವನು ಊರೆಲ್ಲ ಅಲೆದ. ಗೆಳೆಯರ ಮನೆಗಳಿಗೆ ಹೋದ. ಅವನಿಗಾಗಿ ಪ್ರಾಣ ಬಿಡುತ್ತೇನೆ ಎಂದಿದ್ದ ಹೆಂಗಸರ ಮನೆಗಳಿಗೆ ಹೋದ. ಪ್ರತಿ ಬಾಗಿಲೂ ತೆರೆಯಿತು, ನೋಡಿತು, ಮುಚ್ಚಿತು. ಹುಟ್ಟಿದಾಗಿನಿಂದ ಕೇಳಿದ್ದೆಲ್ಲ ಕೈಗೆ ಬಂದ ಮನುಷ್ಯ. ಬೇಡುವುದು ಹೇಗೆಂದೂ ಅವನಿಗೆ ತಿಳಿಯುತ್ತಿರಲಿಲ್ಲ. ಸಂಜೆಗೆ ಬಂದು ಇದ್ದಿಲಿನ ಮೇಲೆ ಕುಸಿದು ಕೂರುತ್ತಿದ್ದ. ಅವಳು ರೊಟ್ಟಿ ಕೊಟ್ಟರೆ ಬೆರಳಲ್ಲಿ ಹಿಡಿಯಲಾಗುತ್ತಿರಲಿಲ್ಲ. ಚರ್ಮ ಅಷ್ಟು ನೆನೆದು ಬಿಳಿಚಿತ್ತು. ತಿನ್ನಿಸಿದಳು.

“ನೀನಾದರೂ ಇದೀಯಲ್ಲ,” ಎನ್ನುತ್ತಿದ್ದ. “ನಿನಗೆ ನಾನು ಗೊತ್ತಲ್ಲ?”

“ಗೊತ್ತು ಕಣೋ, ಸುಮ್ಮನಿರು.”

ನಾಲ್ಕನೆಯ ಬೆಳಿಗ್ಗೆ ಇದ್ದಿಲು ತರಲು ಕೊಟ್ಟಿಗೆಗೆ ಹೋದಳು. ಮೂಲೆಯಲ್ಲಿ ಯಾರೋ ಮಲಗಿದ್ದ. ಯಾವನೋ ಕುಡುಕ, ಒಳಗೆ ನುಗ್ಗಿದ್ದಾನೆ ಎಂದುಕೊಂಡಳು. ಸಲಿಕೆ ಎತ್ತಿ, “ಏಯ್, ಯಾರೋ ನೀನು?” ಎಂದು ಗದರಿದಳು.

ಅವನು ಎದ್ದು ಕೂತು ಅವಳನ್ನೇ ನೋಡಿದ.

ನೆನಪು ಬಂತು. ತಡವಾಗಿ ಬಂತು. ಅವಳು ಸಲಿಕೆ ಎಸೆದು ಅತ್ತೆಯ ಬಳಿಗೆ ಓಡಿದಳು. ಕಾಲು ಹಿಡಿದು ಎಲ್ಲ ಹೇಳಿದಳು. ಅತ್ತೆ ಬಾರಿಸಲು ಕೈ ಎತ್ತಿದಳು. ಆ ಕೈ ಹಾಗೇ ಕೆಳಗಿಳಿಯಿತು.

“ನೀನು ಹೇಳೋ ಗಂಡಸು ನನಗೆ ನೆನಪೇ ಇಲ್ಲ,” ಎಂದಳು. “ಆದರೆ ಪೆಟಾರಿ ನೋಡಿದೆ. ಅಂಗಿ ಇಲ್ಲ. ಬಿಡಿಸೋ ದಾರಿ ಒಂದೇ ಅಂತ ನಮ್ಮಮ್ಮ ಹೇಳ್ತಿದ್ದಳು. ಯಾರಾದರೂ ಹಲಗೆ ಮೇಲೆ ಕೈ ಊರಿ ಅವನನ್ನ ಕೇಳಬೇಕು, ನಮ್ಮವನು ಅನ್ನಬೇಕು. ಅವನಿಗೆ ಬಿಡುಗಡೆ. ಅಂಗಿ ಕೇಳಿದವಳ ಮೈಗೆ.”

“ಆಮೇಲೆ?”

“ಹಲಗೆ ಮೇಲಿನ ಬಿಸಿಲು ಹೋಗೋದರೊಳಗೆ ಅವನು ಅವಳನ್ನ ಕೇಳಬೇಕು. ಹೋದವನು ತಿರುಗಿ ಬಂದು ಕೇಳಿದರೆ ಮಾಟಕ್ಕೆ ಉಸಿರಿರಲ್ಲ. ಸತ್ತುಹೋಗುತ್ತೆ.”

“ಅವನು ಕೇಳ್ತಾನೆ ಅತ್ತೆ.”

“ಬೇಡ ಕಣೇ. ಎಲ್ಲರಂತೆ ಅವನೂ ನಿನ್ನ ಮರೆತಿರ್ತಾನೆ. ಮರೆತವನು ಹೇಗೆ ಕೇಳ್ತಾನೆ? ನಾನೂ ಮರೀತೀನಿ. ನಿನಗೆ ತಲೆ ಬಾಚಿದ ಈ ಕೈ ಮರೆಯುತ್ತೆ…” ಅತ್ತೆ ಅವಳ ಕೆನ್ನೆಯನ್ನು ಎರಡು ಕೈಯಲ್ಲೂ ಹಿಡಿದಳು. “ಬೇಡ ನನ್ನವ್ವ. ಬಿಟ್ಟುಬಿಡು ಅವನನ್ನ. ಅಂಗಿ ಕೊಟ್ಟವಳು ಅಂತ ನಿನಗೆ ಇಷ್ಟು ದಿನ ನೆನಪಿತ್ತು, ನಾಳೆ ಹೊತ್ತಿಗೆ ನಿನಗೂ ಮರೆತುಹೋಗುತ್ತೆ. ನೋವೂ ಇರಲ್ಲ.”

ಅದು ನಿಜ. ಸುಮ್ಮನಿದ್ದರೆ ಸಾಕಿತ್ತು. ಒಂದು ದಿನ. ಆದರೆ ತಪ್ಪು ಅವಳದು. ಅಂಗಿ ಕೊಟ್ಟವಳು ಅವಳು.

ಉಪಾಯ ಹೊಳೆದದ್ದು ಅವನಿಗೆ. “ನನ್ನ ಮಾತು ನಾನು ನಂಬದೆ ಇರ್ತೀನಾ? ಚೀಟಿ ಬರೆದು ಕೊಡ್ತೀನಿ. ನನ್ನ ಅಕ್ಷರ ನನಗೆ ಗೊತ್ತಾಗುತ್ತೆ.” ಬೆರಳಿಗೆ ಬಟ್ಟೆ ಸುತ್ತಿ, ಇದ್ದಿಲಿನ ಚೂರು ಹಿಡಿದು, ಒಂದು ಗಂಟೆ ಕೂತು ಬರೆದ. ಓದಿ ಹೇಳಿದ. ಅವಳಿಗೆ ಓದು ಬರುತ್ತಿರಲಿಲ್ಲ. *ಈ ಚೀಟಿ ತೋರಿಸುವವಳು ನನ್ನ ಪ್ರಾಣ. ನೀನು ಮರೆತಿದ್ದೀಯ. ನಂಬು. ಇವಳು ನಮ್ಮವಳು ಎಂದು ಈಗಲೇ, ಇಲ್ಲೇ ಹೇಳು.* ಬಿಸಿಲು ಹಲಗೆಗೆ ಬರುವ ಹೊತ್ತಾಗಿತ್ತು. ಅವನು ಅವಳ ಹಣೆಗೆ ತನ್ನ ತಣ್ಣನೆಯ ಹಣೆ ತಾಗಿಸಿದ. “ಒಂದು ಗಳಿಗೆ ಅಷ್ಟೇ,” ಎಂದ. “ಕಣ್ಣು ಮುಚ್ಚಿ ತೆಗೆಯೋದರೊಳಗೆ ಕೇಳ್ತೀನಿ.”

ಹಲಗೆಯ ಆಚೆ ಅತ್ತೆ ನಿಂತಳು. ಅವಳ ಕಣ್ಣು ಕೆಂಪಾಗಿದ್ದವು. ಈಚೆ ಅವನು. ಕೆಂಡಿ ಬಿಸಿಲಲ್ಲಿ ಅಂಗೈ ಊರಿದಳು. ಮರ ಬೆಚ್ಚಗಿತ್ತು.

“ಇವನು ನಮ್ಮವನು.”

ಹಂಡೆಯ ಕೊತಕೊತ ನಿಂತಿತು. ಒಲೆಗಳ ಸದ್ದು ನಿಂತಿತು. ಎಲ್ಲಿಂದಲೋ ಒದ್ದೆ ಬಟ್ಟೆ ಹಿಂಡುವ ಸದ್ದು, ಬಲು ಹತ್ತಿರದಿಂದ. ಅವಳ ಬೆನ್ನ ಮೇಲೆ ತಣ್ಣನೆಯದೇನೋ ಇಳಿಯಿತು. ತೋಳಿಗೆ ಇಳಿಯಿತು. ಎದೆಗೆ ಸುತ್ತಿತು. ಕೊರಳ ಹಿಂದೆ ಒಂದು ಚುಚ್ಚು. ಇನ್ನೊಂದು. ಇನ್ನೊಂದು. ಯಾರೋ ಕಾಣದವರು ಸಾವಕಾಶವಾಗಿ ಹೊಲಿಯುತ್ತಿದ್ದರು.

ಸದ್ದುಗಳು ತಿರುಗಿ ಬಂದವು. ಎದುರಿಗೆ ಅವನು ರೇಷ್ಮೆಯಲ್ಲಿ ನಿಂತಿದ್ದ. ಕೆನ್ನೆಗೆ ಬಣ್ಣ ಬಂದಿತ್ತು. ನಿದ್ದೆಯಿಂದ ಎದ್ದವನ ಹಾಗೆ ಸುತ್ತ ನೋಡಿದ.

“ಓ, ಚಿಕ್ಕ ಧಣಿ!” ಅತ್ತೆ ಗಡಿಬಿಡಿಯಿಂದ ಕೈ ಒರೆಸಿಕೊಂಡಳು. “ನೀವೇ ಬಂದ್ರಾ? ಹೇಳಿಕಳಿಸಿದ್ರೆ ನಾವೇ ಬರ್ತಿದ್ವಿ.” ಆಮೇಲೆ ಕೆಂಡಿಯ ಕಡೆ ತಿರುಗಿದಳು. ಆ ಕಣ್ಣು ಇನ್ನೂ ಕೆಂಪಾಗಿತ್ತು, ಅದರ ಅಂಚಿನಲ್ಲಿ ಇನ್ನೂ ನೀರಿತ್ತು. “ನಿಮಗೇನು ಬೇಕಮ್ಮ? ಬಟ್ಟೆ ಕೊಡೋಕೆ ಬಂದ್ರಾ?”

ಕೆಂಡಿ ಅದಕ್ಕೆ ಸಿದ್ಧಳಾಗಿದ್ದಳು. ಸಿದ್ಧಳಾಗಿದ್ದೇನೆ ಎಂದುಕೊಂಡಿದ್ದಳು. ಚೀಟಿಯನ್ನು ಅವನ ಕೈಗೆ ಕೊಟ್ಟಳು.

ಅವನು ಓದಿದ. ಹುಬ್ಬು ಮೇಲೆ ಹೋಯಿತು.

“ಅಕ್ಷರ ನನ್ನದೇ,” ಎಂದ.

“ಹೌದು,” ಎಂದಳು. “ನೀನೇ… ನೀವೇ ಬರೆದದ್ದು.”

ಅವನು ನಕ್ಕ. ಚೆಂದದ ನಗು. ಬಾಗಿಲಿಗೆ ಒರಗಿ ನಿಂತ ಮೊದಲ ದಿನದ್ದೇ.

“ಬರೆದಿರ್ತೀನಿ ಬಿಡು. ಇಂಥ ಚೀಟಿ ಈ ಊರಲ್ಲಿ ಇಪ್ಪತ್ತಾದರೂ ಇರಬೇಕು. ಎಲ್ಲರೂ ನನ್ನ ಪ್ರಾಣವೇ. ಎಷ್ಟು ಪ್ರಾಣ ನನಗೆ!” ಚೀಟಿಯನ್ನು ತಿರುಗಿಸಿ ನೋಡಿದ. “ಆದರೆ ನೀನು ಮರೆತಿದ್ದೀಯ ಅಂತ ಬರೆಸಿದ್ದು ಹೊಸ ವರಸೆ. ಯಾವತ್ತು ಕುಡಿಸಿ ಬರೆಸಿದೆ?”

“ಕುಡಿಸಲಿಲ್ಲ. ಓದಿ ಇನ್ನೊಂದು ಸಲ. ಕೊನೇ ಮಾತು ಓದಿ.”

“ಓದಿದೆ ಮಾರಾಯ್ತಿ. ಸಾಕ್ಷಿ ಎದುರು ನಮ್ಮವಳು ಅನ್ನಬೇಕು. ಆಮೇಲೆ ನೀನು ಅಮ್ಮನ ಹತ್ತಿರ ಹೋಗಿ, ನಿಮ್ಮ ಮಗ ಹೀಗಂದ ಅಂತ ನಿಲ್ಲಬೇಕು. ಮೊದಲೂ ಒಬ್ಬಳು ಇದೇ ಆಟ ಆಡಿದ್ದಳು. ಆ ಒಂದು ಮಾತು ನನ್ನ ಬಾಯಿಂದ ಬರಲ್ಲ. ಅಷ್ಟು ಎಚ್ಚರ ನನಗಿದೆ.”

ಬಿಸಿಲು ಹಲಗೆಯ ಅರ್ಧಕ್ಕೆ ಸರಿದಿತ್ತು.

ಅವಳು ಅವನ ಅಂಗೈ ಹಿಡಿದು ಮೇಲೆ ತಿರುಗಿಸಿದಳು. “ಈ ಸುಟ್ಟ ಗಾಯ ಎಲ್ಲಿಂದ ಬಂತು? ನೆನಪು ಮಾಡ್ಕೊಳ್ಳಿ. ನನ್ನ ಇಸ್ತ್ರಿಪೆಟ್ಟಿಗೆ. ನಾನೇ ಎಣ್ಣೆ ಹಚ್ಚಿದ್ದು.”

“ಚುರುಟು ತಾಗಿತ್ತು,” ಎಂದ. ಮೆಲ್ಲಗೆ ಕೈ ಬಿಡಿಸಿಕೊಂಡ. ಅವಳ ಬೆರಳು ತಾಗಿದಲ್ಲಿ ಒದ್ದೆಯಾಗಿತ್ತು, ರೇಷ್ಮೆಗೆ ಒರೆಸಿಕೊಂಡ.

“ಒಂದೇ ಮಾತು ಧಣಿ. ಸುಳ್ಳೇ ಹೇಳಿ. ನಾನು ಅಮ್ಮಾವ್ರ ಹತ್ತಿರ ಹೋಗಲ್ಲ. ನಿಮ್ಮ ಮುಖ ಇನ್ನೊಂದು ಸಲ ನೋಡಲ್ಲ. ಆಣೆ ಮಾಡ್ತೀನಿ. ನಮ್ಮವಳು ಅನ್ನಿ, ಸಾಕು.”

ಬೆರಳಗಲ ಬಿಸಿಲು. ಅವನು ಒಂದು ಗಳಿಗೆ ಅವಳ ಮುಖವನ್ನೇ ನೋಡಿದ. ನಗು ನಿಂತಿತು. ತುಟಿ ಸ್ವಲ್ಪ ತೆರೆಯಿತು. ಏನೋ ತಡಕುವವನ ಹಾಗೆ ಕಣ್ಣು ಕಿರಿದು ಮಾಡಿದ.

“ಗುರುತಿನವಳಾ ಧಣಿ?” ಎಂದಳು ಅತ್ತೆ.

“ಇಲ್ಲಮ್ಮ,” ಎಂದ. “ಪಾಪ, ಯಾರೋ.”

ಹಲಗೆ ತಣ್ಣಗಾಯಿತು.

ಅವನು ಕೆಟ್ಟವನಲ್ಲ. ಅವಳು ನಡುಗುವುದನ್ನು ಕಂಡು ಮನಸ್ಸು ಕರಗಿತು. ಚೀಟಿಯನ್ನು ಮಡಿಚಿ ಅವಳ ಕೈಯಲ್ಲೇ ಇಟ್ಟು ಬೆರಳು ಮುಚ್ಚಿದ. “ಅಳಬೇಡ. ನಾಳೆ ಬರ್ತೀನಿ, ಕೂತು ಮಾತಾಡೋಣ,” ಎಂದ, ಬಲು ಮೃದುವಾಗಿ. ಮೆಟ್ಟಿಲು ಇಳಿದ. ಬೀದಿಯಲ್ಲಿ ಒಮ್ಮೆ ತಿರುಗಿ ನೋಡಿದ. ನೋಡಿದ್ದು ಅವಳನ್ನಲ್ಲ, ಹಿಂದಿನಿಂದ ಗಾಡಿ ಬರುತ್ತಿದೆಯೇ ಎಂದು. ಬರುತ್ತಿರಲಿಲ್ಲ. ಬೀದಿ ದಾಟಿದ. ಕಾವಲಿನವನು ಎದ್ದು ನಿಂತು ನಮಸ್ಕಾರ ಮಾಡಿದ.

ಅವನು ಮತ್ತೆ ಬರಲಿಲ್ಲ.